22 ಅಕ್ಷರದ ಆರ್‌ಎನ್‌ಎ, ಎಡಗೆನ್ನೆಯ ಕ್ಯಾನ್ಸರ್

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಅಧ್ಯಾಪಿಕೆ. ತಂದೆಯವರಿಗೆ 68 ವರ್ಷ. ಕಳೆದ ವರ್ಷ ಅವರ ಎಡಗೆನ್ನೆಯ ಒಳಗೆ ಕ್ಯಾನ್ಸರ್ ಕಾಣಿಸಿಕೊಂಡಿತು; ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಎರಡೂ ಮುಗಿದಿವೆ. ಹದಿನೆಂಟನೇ ವಯಸ್ಸಿನಿಂದ ಹೊಗೆಸೊಪ್ಪು ಸೇರಿಸಿ ಎಲೆಯಡಿಕೆ ತಿನ್ನುತ್ತಿದ್ದರು. ತಮ್ಮನಿಗೆ 38, ಅವನಿಗೂ ಆ ಅಭ್ಯಾಸವಿದೆ. ಪ್ರಯೋಗಾಲಯವೊಂದರ ಪ್ರತಿನಿಧಿ ಮನೆಗೆ ಬಂದು, ಮೈಕ್ರೋ ಆರ್‌ಎನ್‌ಎ ರಕ್ತಪರೀಕ್ಷೆ ಮಾಡಿಸಿದರೆ ಯಾವ ಕ್ಯಾನ್ಸರ್ ಇದ್ದರೂ ಮೊದಲೇ ಗೊತ್ತಾಗುತ್ತದೆ, ಇದಕ್ಕೆ ನೊಬೆಲ್ ಬಹುಮಾನವೂ ಬಂದಿದೆ ಎಂದರು. ಏನಿದು? ಕ್ಯಾನ್ಸರ್ ಹುಟ್ಟುವಲ್ಲಿ ಇದರ ಪಾತ್ರವೇನು? ತಂದೆಯಿಂದ ನಮಗೂ ಬಂದಿರಬಹುದೇ? ಊರಿನಲ್ಲಿ ಹಿಂದೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದೇ ಕಾರಣವೇ ಎಂದು ಅಮ್ಮ ಕೇಳುತ್ತಾರೆ. ನಾವು ಆ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಟೀಚರ್, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಉಳಿದುದನ್ನು ನಿಧಾನವಾಗಿ ಓದಬಹುದು, ಇದಕ್ಕೆ ಮಾತ್ರ ತಡ ಮಾಡುವಂತಿಲ್ಲ. ಆ ಪರೀಕ್ಷೆಗೆ ಹಣ ಕಟ್ಟಬೇಡಿ. ಈ ವಾರವೇ ನಿಮ್ಮ ತಮ್ಮನನ್ನು ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿ ಬಾಯಿ ತೋರಿಸಿ. ನೋವಿಲ್ಲ, ಹುಣ್ಣಿಲ್ಲ ಎಂದು ತಮ್ಮನೇ ಹೇಳಿದರೂ ಬಿಡಬೇಡಿ.

ಪ್ರತಿನಿಧಿ ಹೇಳಿದ ಮಾತುಗಳಲ್ಲಿ ಎರಡು ನಿಜ. ನೊಬೆಲ್ ಬಂದದ್ದು ನಿಜ, ಕ್ಯಾನ್ಸರಿಗೂ ಮೈಕ್ರೋ ಆರ್‌ಎನ್‌ಎಗೂ ಆಳವಾದ ಸಂಬಂಧವಿರುವುದೂ ನಿಜ. ಈ ಎರಡು ನಿಜಗಳ ಜೊತೆಗೆ ಸೇರಿಸಿ ಹೇಳಿದ ಮೂರನೆಯ ಮಾತು, ಅಂದರೆ ರಕ್ತದ ಒಂದು ಪರೀಕ್ಷೆಯಿಂದ ಯಾವ ಕ್ಯಾನ್ಸರ್ ಆದರೂ ಗೊತ್ತಾಗುತ್ತದೆ ಎಂಬುದು, ಇಂದಿನ ಮಟ್ಟಿಗೆ ನಿಜವಲ್ಲ. ಏಕೆ ಎಂದು ವಿವರಿಸಬೇಕಾದರೆ ಮೊದಲಿನಿಂದ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಕುಂಬಳೆ ಸೀಮೆಯ ಅಡಿಕೆ ತೋಟದ ಮನೆಯಲ್ಲಿ; ವೃತ್ತಿಯಿಂದ ಕ್ಯಾನ್ಸರ್ ಕೋಶಗಳ ಒಳಗಿನ ಆರ್‌ಎನ್‌ಎ ಅಳೆಯುವವನು. ಹಾಗಾಗಿ ಈ ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕೆನಿಸಿತು.

ನಮ್ಮ ತೋಟಕ್ಕೆ ನೀರು ಹಾಯಿಸುವ ಏರ್ಪಾಡನ್ನು ನೆನಪಿಸಿಕೊಳ್ಳಿ. ಜೀವಕೋಶದಲ್ಲಿ ಡಿಎನ್‌ಎ ಎಂಬುದು ಕೆರೆ. ಪ್ರತಿಯೊಂದು ಜೀನಿನ ಆದೇಶವೂ ಅಲ್ಲಿಂದ ಸಂದೇಶವಾಹಕ ಆರ್‌ಎನ್‌ಎ ಎಂಬ ಪೈಪಿನಲ್ಲಿ ಹೊರಗೆ ಬರುತ್ತದೆ. ಪೈಪಿನ ತುದಿಯಲ್ಲಿ ಮರದ ಬುಡಕ್ಕೆ ಬೀಳುವ ನೀರು ಪ್ರೋಟೀನ್. ಕೋಶ ಬೆಳೆಯುವುದು, ಎರಡಾಗುವುದು, ಹೊತ್ತು ಬಂದಾಗ ಸಾಯುವುದು, ಎಲ್ಲವನ್ನೂ ನಡೆಸುವುದು ಪ್ರೋಟೀನುಗಳೇ. ಪಂಪು ಓಡುತ್ತಿದೆ ಎಂದು ಎಲ್ಲ ಸಾಲಿಗೂ ಒಂದೇ ಪ್ರಮಾಣದಲ್ಲಿ ನೀರು ಬಿಡುವವರು ಯಾರೂ ಇಲ್ಲ. ನಡುನಡುವೆ ಗೇಟ್ ವಾಲ್ವ್ ಇರುತ್ತದೆ. ಅರ್ಧ ಸುತ್ತು ತಿರುಗಿಸಿದರೆ ಈ ಸಾಲಿಗೆ ತುಸು ಕಡಿಮೆ, ಇನ್ನೊಂದಕ್ಕೆ ತುಸು ಹೆಚ್ಚು. ಕೋಶದಲ್ಲಿ ಆ ಗೇಟ್ ವಾಲ್ವಿನ ಕೆಲಸ ಮಾಡುವುದು ಮೈಕ್ರೋ ಆರ್‌ಎನ್‌ಎ.

ಹೆಸರಿಗೆ ತಕ್ಕಂತೆ ಇದು ಬಹಳ ಸಣ್ಣದು. ಸಂದೇಶವಾಹಕ ಆರ್‌ಎನ್‌ಎ ಒಂದರಲ್ಲಿ ಸಾವಿರಾರು ರಾಸಾಯನಿಕ ಅಕ್ಷರಗಳಿದ್ದರೆ ಮೈಕ್ರೋ ಆರ್‌ಎನ್‌ಎಯಲ್ಲಿ ಸುಮಾರು 22 ಅಕ್ಷರ ಮಾತ್ರ. ಮೊದಲು ಹೇರ್‌ಪಿನ್ನಿನಂತೆ ಮಡಚಿದ ಉದ್ದನೆಯ ಎಳೆಯಾಗಿ ಹುಟ್ಟುತ್ತದೆ. ಕೋಶಕೇಂದ್ರದೊಳಗೆ ಡ್ರೋಶಾ ಎಂಬ ಕಿಣ್ವ ಅದನ್ನು ಒಮ್ಮೆ ಕತ್ತರಿಸುತ್ತದೆ, ಹೊರಗೆ ಬಂದ ಮೇಲೆ ಡೈಸರ್ ಎಂಬ ಕಿಣ್ವ ಇನ್ನೊಮ್ಮೆ. ಉಳಿದ ತುಂಡು ಆರ್ಗೊನಾಟ್ ಎಂಬ ಪ್ರೋಟೀನಿನ ಮಡಿಲಲ್ಲಿ ಕುಳಿತು, ತನ್ನ ಏಳೆಂಟು ಅಕ್ಷರಗಳಿಗೆ ಹೊಂದುವ ಸಾಲು ಯಾವ ಸಂದೇಶದ ಬಾಲದಲ್ಲಿದೆ ಎಂದು ಹುಡುಕುತ್ತದೆ. ಸಿಕ್ಕಿದರೆ ಆ ಸಂದೇಶ ಪ್ರೋಟೀನ್ ಆಗದಂತೆ ತಡೆಯುತ್ತದೆ, ಇಲ್ಲವೇ ಸಂದೇಶವೇ ಕರಗಿಹೋಗುವಂತೆ ಮಾಡುತ್ತದೆ. ಪೂರ್ತಿ ಮುಚ್ಚಿಬಿಡುವುದು ಅಪರೂಪ. ಹೆಚ್ಚಿನ ಸಲ ಕಾಲು ಭಾಗವೋ ಅರ್ಧ ಭಾಗವೋ ತಗ್ಗಿಸುತ್ತದೆ. ಏಳೆಂಟು ಅಕ್ಷರದ ಹೊಂದಾಣಿಕೆ ಸಾಕಾಗುವುದರಿಂದ ಒಂದು ಮೈಕ್ರೋ ಆರ್‌ಎನ್‌ಎ ನೂರಾರು ಸಂದೇಶಗಳನ್ನು ಮುಟ್ಟಬಲ್ಲದು, ಒಂದೇ ಸಂದೇಶದ ಮೇಲೆ ಹಲವು ಮೈಕ್ರೋ ಆರ್‌ಎನ್‌ಎಗಳು ಕೂರಬಲ್ಲವು. ಮನುಷ್ಯನ ಪ್ರೋಟೀನ್ ಜೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೀಗೆ ಯಾವುದಾದರೂ ವಾಲ್ವಿನ ಹಿಡಿತದಲ್ಲಿವೆ.

ಇದು ಪತ್ತೆಯಾದದ್ದು ಮಣ್ಣಿನಲ್ಲಿ ಬದುಕುವ, ಒಂದು ಮಿಲಿಮೀಟರ್ ಉದ್ದದ, ಪಾರದರ್ಶಕ ಮೈಯ ಹುಳದಲ್ಲಿ. ಲಿನ್-4 ಎಂಬ ಜೀನ್ ಕೆಟ್ಟರೆ ಆ ಹುಳ ಪ್ರಾಯಕ್ಕೆ ಬರುವುದಿಲ್ಲ; ಅದರ ಕೋಶಗಳು ಎಳೆಯ ಹಂತದ ವಿಭಜನೆಯನ್ನೇ ಮತ್ತೆ ಮತ್ತೆ ಮಾಡುತ್ತಿರುತ್ತವೆ. ವಿಕ್ಟರ್ ಆಂಬ್ರೋಸ್ ಅವರ ತಂಡ ಆ ಜೀನನ್ನು ವರ್ಷಗಟ್ಟಲೆ ಬೆನ್ನಟ್ಟಿ ಹಿಡಿದಾಗ, ಅದು ಯಾವ ಪ್ರೋಟೀನನ್ನೂ ತಯಾರಿಸದೆ ಬರೀ 22 ಅಕ್ಷರದ ಆರ್‌ಎನ್‌ಎ ತುಂಡೊಂದನ್ನು ಕೊಡುತ್ತಿತ್ತು. ಗ್ಯಾರಿ ರುವ್‌ಕುನ್ ಅವರ ತಂಡ ಲಿನ್-14 ಎಂಬ ಇನ್ನೊಂದು ಜೀನನ್ನು ಓದುತ್ತಿತ್ತು. ಇಬ್ಬರೂ ತಮ್ಮ ತಮ್ಮ ಅಕ್ಷರಸಾಲನ್ನು ಹೋಲಿಸಿ ನೋಡಿದಾಗ ಲಿನ್-14ರ ಬಾಲದಲ್ಲಿ ಲಿನ್-4ಕ್ಕೆ ಹೊಂದುವ ಸಾಲುಗಳು ಒಂದರ ಹಿಂದೆ ಒಂದು ಸಿಕ್ಕವು. 1993ರ ಡಿಸೆಂಬರಿನಲ್ಲಿ ಎರಡೂ ಪ್ರಬಂಧಗಳು ಒಂದೇ ಸಂಚಿಕೆಯಲ್ಲಿ ಪ್ರಕಟವಾದವು. ಆಂಬ್ರೋಸ್ ತಂಡದ ಪ್ರಬಂಧದಲ್ಲಿ ಮೊದಲ ಹೆಸರು ರೋಸಲಿಂಡ್ ಲೀ ಅವರದು, ಎರಡನೆಯದು ರೋಂಡಾ ಫೈನ್‌ಬಾಮ್ ಅವರದು. 2024ರ ನೊಬೆಲ್ ಆಂಬ್ರೋಸ್ ಮತ್ತು ರುವ್‌ಕುನ್ ಇಬ್ಬರಿಗೆ ಬಂತು. ನಿಮ್ಮ ವಿದ್ಯಾರ್ಥಿನಿಯರಿಗೆ ಈ ಕಥೆ ಹೇಳುವಾಗ ಆ ಇಬ್ಬರು ಮಹಿಳೆಯರ ಹೆಸರನ್ನೂ ದಯವಿಟ್ಟು ಹೇಳಿ.

ಏಳು ವರ್ಷ ಹೆಚ್ಚಿನವರು ಇದನ್ನು ಆ ಒಂದು ಹುಳದ ವಿಚಿತ್ರ ಎಂದೇ ತಿಳಿದಿದ್ದರು. 2000ದಲ್ಲಿ ರುವ್‌ಕುನ್ ತಂಡ ಲೆಟ್-7 ಎಂಬ ಎರಡನೆಯದನ್ನು ಗುರುತಿಸಿ, ಅದೇ ಅಕ್ಷರಸಾಲು ನೊಣದಲ್ಲಿ, ಮೀನಿನಲ್ಲಿ, ಮನುಷ್ಯನಲ್ಲಿ ಸಹ ಇದೆ ಎಂದು ತೋರಿಸಿತು. ಅಲ್ಲಿಂದ ಮುಂದೆ ಬಾಗಿಲು ತೆರೆದುಕೊಂಡಿತು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬೆಳೆದು, ತನ್ನ ಪಾಲಿನ ಕೆಲಸ ಹಿಡಿದು, ವಿಭಜನೆ ನಿಲ್ಲಿಸಬೇಕಾದ ಕೋಶ ನಿಲ್ಲಿಸದೆ ಎಳೆಯದರ ಹಾಗೆ ಹೆಚ್ಚುತ್ತಲೇ ಹೋಗುವುದು ಎಂದರೆ ಕ್ಯಾನ್ಸರ್ ಎಂದೇ ಅಲ್ಲವೇ? ಹುಳದಲ್ಲಿ ಆ ಎರಡು ತುಂಡುಗಳು ತಡೆಯುತ್ತಿದ್ದದ್ದು ಅದನ್ನೇ. ಮನುಷ್ಯನ ಕ್ಯಾನ್ಸರಿನಲ್ಲಿ ಇವುಗಳ ಪಾತ್ರವಿರಬಹುದು ಎಂಬ ಊಹೆ ಹುಟ್ಟಿದ್ದು ಹೀಗೆ.

ಮೊದಲ ಸಾಕ್ಷಿ ಸಿಕ್ಕಿದ್ದು ಬೇರೆಯೇ ದಾರಿಯಲ್ಲಿ. ವಯಸ್ಸಾದವರಲ್ಲಿ ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್ ಇದೆ, ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂದು ಹೆಸರು. ಆ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ಕ್ಯಾನ್ಸರ್ ಕೋಶಗಳಲ್ಲಿ 13ನೇ ವರ್ಣತಂತುವಿನ ಒಂದೇ ಜಾಗ ತುಂಡಾಗಿ ಕಳೆದುಹೋಗಿರುತ್ತದೆ. ಇಷ್ಟು ಮಂದಿಯಲ್ಲಿ ಅದೇ ಜಾಗ ಹೋಗಿದೆ ಎಂದರೆ ಅಲ್ಲಿ ಕ್ಯಾನ್ಸರನ್ನು ತಡೆಯುವ ಜೀನ್ ಇರಲೇಬೇಕು. ಎಷ್ಟೋ ಪ್ರಯೋಗಾಲಯಗಳು ವರ್ಷಗಟ್ಟಲೆ ಹುಡುಕಿದವು. ಅಲ್ಲಿದ್ದ ಒಂದೊಂದು ಪ್ರೋಟೀನ್ ಜೀನನ್ನೂ ತಪಾಸಣೆ ಮಾಡಿದರು. ತಪ್ಪಿತಸ್ಥನ ಗುರುತು ಯಾವುದರಲ್ಲೂ ಸಿಗಲಿಲ್ಲ. 2002ರಲ್ಲಿ ಕಾರ್ಲೊ ಕ್ರೋಚೆ ಅವರ ತಂಡದ ಜಾರ್ಜ್ ಕಾಲಿನ್ ಮತ್ತು ಸಂಗಡಿಗರು, ಎಲ್ಲರೂ ಖಾಲಿ ಜಾಗ ಎಂದು ದಾಟಿಹೋಗಿದ್ದ ಪಟ್ಟಿಯಲ್ಲಿ ಎರಡು ಮೈಕ್ರೋ ಆರ್‌ಎನ್‌ಎಗಳ ಜೀನು ಇರುವುದನ್ನು ತೋರಿಸಿದರು: ಮಿರ್-15 ಮತ್ತು ಮಿರ್-16 (ಮಿರ್ ಎಂದರೆ ಮೈಕ್ರೋ ಆರ್‌ಎನ್‌ಎ). ಅವರು ನೋಡಿದ ರೋಗಿಗಳಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಮಂದಿಯಲ್ಲಿ ಇವು ಕಳೆದುಹೋಗಿದ್ದವು ಅಥವಾ ತಗ್ಗಿದ್ದವು.

ಅವು ಹೋದರೆ ಏನಾಗುತ್ತದೆ ಎಂಬುದು 2005ರಲ್ಲಿ ಗೊತ್ತಾಯಿತು. ಕೋಶ ಸಾಯುವುದನ್ನು ತಡೆಯುವ ಬಿಸಿಎಲ್-2 ಎಂಬ ಪ್ರೋಟೀನಿದೆ. ಅದರ ಪೈಪಿನ ಮೇಲಿದ್ದ ವಾಲ್ವುಗಳು ಮಿರ್-15, ಮಿರ್-16. ವಾಲ್ವ್ ಕಳಚಿ ಬಿದ್ದ ಮೇಲೆ ಬಿಸಿಎಲ್-2 ತುಂಬಿ ಹರಿಯುತ್ತದೆ. ಸಾಯಬೇಕಾದ ರಕ್ತಕೋಶ ಸಾಯದೆ ಗುಂಪುಗಟ್ಟುತ್ತದೆ. ಆ ಬಿಸಿಎಲ್-2ನ್ನು ನೇರವಾಗಿ ತಡೆಯುವ ವೆನೆಟೊಕ್ಲಾಕ್ಸ್ ಎಂಬ ಮಾತ್ರೆ 2016ರಿಂದ ಇದೇ ಕಾಯಿಲೆಗೆ ಬಳಕೆಯಲ್ಲಿದೆ. ವಾಲ್ವನ್ನು ಮರಳಿ ಜೋಡಿಸಲು ನಮಗೆ ಇನ್ನೂ ಬಾರದು. ಆದರೆ ಅದು ಕಾಯುತ್ತಿದ್ದ ಸಾಲು ಯಾವುದೆಂದು ತಿಳಿದಿರುವುದರಿಂದ ಅಲ್ಲಿಗೇ ಕೈ ಹಾಕಬಹುದು.

ಶ್ವಾಸಕೋಶದ ಕ್ಯಾನ್ಸರಿನಲ್ಲಿ ಲೆಟ್-7ರ ಕಥೆಯೂ ಹೀಗೆಯೇ. 2004ರಲ್ಲಿ ಜಪಾನಿನ ಸಂಶೋಧಕರು, ಗಡ್ಡೆಯಲ್ಲಿ ಲೆಟ್-7 ತೀರಾ ತಗ್ಗಿದ್ದವರು ಶಸ್ತ್ರಚಿಕಿತ್ಸೆಯ ನಂತರ ಬದುಕಿದ್ದು ಕಡಿಮೆ ಕಾಲ ಎಂದು ಕಂಡರು. ಕೋಶವನ್ನು ವಿಭಜನೆಗೆ ತಳ್ಳುವ ರಾಸ್ ಎಂಬ ಜೀನಿನ ಬಾಲದಲ್ಲಿ ಲೆಟ್-7 ಕೂರುವ ಜಾಗಗಳಿವೆ ಎಂದು ಮರುವರ್ಷ ತಿಳಿಯಿತು.

ಇಷ್ಟು ಹೊತ್ತು ಹೇಳಿದ್ದು ಕಳೆದುಹೋಗುವ ವಾಲ್ವುಗಳ ಮಾತು. ಇನ್ನೊಂದು ಬಗೆಯಲ್ಲಿ ವಾಲ್ವ್ ಅತಿಯಾಗಿ ಬಿಗಿಯುತ್ತದೆ. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನಿನ ಸಾಲಿಗೇ ನೀರು ನಿಂತರೆ ಕಡಿವಾಣ ಒಣಗಿಹೋಗುತ್ತದೆ. ಮಿರ್-21 ಹೀಗೆ ಮಾಡುತ್ತದೆ. ಸ್ತನ, ಶ್ವಾಸಕೋಶ, ಕರುಳು, ಬಾಯಿ ಹೀಗೆ ಬಹುಪಾಲು ಗಟ್ಟಿ ಗಡ್ಡೆಗಳಲ್ಲಿ ಇದರ ಪ್ರಮಾಣ ಏರಿರುತ್ತದೆ. ಪಿಟೆನ್ ಎಂಬ ಕಡಿವಾಣದ ಜೀನು ಇದರ ಕೈಗೆ ಸಿಗುವವುಗಳಲ್ಲಿ ಒಂದು. 2010ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗ ನನ್ನ ಮನಸ್ಸಿನಲ್ಲಿ ಬಹಳ ಕಾಲ ಉಳಿಯಿತು. ಬೇಕೆಂದಾಗ ಮಿರ್-21 ಏರಿಸಲು, ಬೇಡವೆಂದಾಗ ಇಳಿಸಲು ಬರುವಂತೆ ಇಲಿಗಳನ್ನು ಸಿದ್ಧಪಡಿಸಿದ್ದರು. ಏರಿಸಿದಾಗ ಲಿಂಫೋಮಾ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್ ಬಂತು. ಮಿರ್-21 ಒಂದನ್ನೇ ಇಳಿಸಿದಾಗ ಕೆಲವೇ ದಿನಗಳಲ್ಲಿ ಆ ಗಡ್ಡೆಗಳು ಕರಗಿಹೋದವು. ಅಷ್ಟು ಸಣ್ಣ ತುಂಡು ಜೊತೆಗಾರನಾಗಿ ನಿಲ್ಲದೆ ಕಾರಣವೇ ಆಗಬಲ್ಲದು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು, ಪರೀಕ್ಷೆಯ ಮಾತಿಗೆ ಬರುವಾಗ ಬೇಕಾಗುತ್ತದೆ. ಮಿರ್-31 ಎಂಬುದು ಬಾಯಿಯ ಕ್ಯಾನ್ಸರಿನಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಏರಿರುತ್ತದೆ. ಅದೇ ಮಿರ್-31 ಸ್ತನ ಕ್ಯಾನ್ಸರ್ ಹರಡುವುದನ್ನು ತಡೆಯುತ್ತದೆ, ಹರಡಿದ ಗಡ್ಡೆಗಳಲ್ಲಿ ತಗ್ಗಿರುತ್ತದೆ. ವಾಲ್ವ್ ಒಂದೇ ಆದರೂ ಅದರ ಕೆಳಗಿರುವ ತೋಟ ಬೇರೆ. ಆದ್ದರಿಂದ ಒಂದು ಮೈಕ್ರೋ ಆರ್‌ಎನ್‌ಎ ಹೆಚ್ಚಿದೆ ಅಥವಾ ಕಡಿಮೆ ಇದೆ ಎಂದಷ್ಟೇ ಹೇಳಿದರೆ, ಯಾವ ಅಂಗಾಂಶದಲ್ಲಿ ಎಂದು ಹೇಳದೆ, ಆ ಮಾತಿಗೆ ಅರ್ಥವಿಲ್ಲ.

ಈಗ ನಿಮ್ಮ ತಂದೆಯವರ ವಿಷಯ. ಕ್ಯಾನ್ಸರ್ ಬಂದದ್ದು ಎಡಗೆನ್ನೆಯಲ್ಲಿ ಎಂದು ಬರೆದಿದ್ದೀರಿ. ಎಲೆಯಡಿಕೆಯನ್ನು ಅವರು ಒತ್ತಿ ಇಟ್ಟುಕೊಳ್ಳುತ್ತಿದ್ದದ್ದು ಯಾವ ಬದಿಯಲ್ಲಿ ಎಂದು ಕೇಳಿ ನೋಡಿ. ಬಹಳ ಮಂದಿಯಲ್ಲಿ ಅದೇ ಬದಿ ಆಗಿರುತ್ತದೆ. ನನ್ನ ಅಜ್ಜಿಗೂ ಹಾಗೆಯೇ ಒಂದು ಬದಿ ಇತ್ತು. ಊಟ ಮುಗಿದ ಮೇಲೆ ಚಾವಡಿಯ ಗೋಡೆಗೆ ಒರಗಿ, ಕಾಲು ಚಾಚಿ, ಹಿತ್ತಾಳೆಯ ತಟ್ಟೆ ಎಳೆದುಕೊಂಡು, ಎಲೆಯ ತೊಟ್ಟು ಚಿವುಟಿ, ಬೆರಳ ತುದಿಯಿಂದ ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು ಮಡಚಿ ಬಲಗೆನ್ನೆಗೆ ಸೇರಿಸುತ್ತಿದ್ದರು. ಆ ಕೆನ್ನೆಯ ಒಳಗೆ ಬೆಳ್ಳಗೆ ದಪ್ಪಗಾದ ಮಚ್ಚೆ ಇದ್ದದ್ದನ್ನು ಮಕ್ಕಳಾದ ನಾವು ನೋಡಿದ್ದೆವು. ಅದು ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಕ್ಯಾನ್ಸರಿಗೆ ಮೊದಲಿನ ಹಂತವಿರಬಹುದು ಎಂದು ನನಗೆ ತಿಳಿದದ್ದು, ಅವರು ಹೋಗಿ ಎಷ್ಟೋ ವರ್ಷಗಳ ನಂತರ, ಪಠ್ಯಪುಸ್ತಕದ ಒಂದು ಚಿತ್ರ ನೋಡಿದಾಗ.

ಹೊಗೆಸೊಪ್ಪು ಸೇರಿದ ಎಲೆಯಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿಯೇ ಹೇಳಿತ್ತು. 2004ರಲ್ಲಿ, ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ತಾನೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿತು. ಇದನ್ನು ನಮ್ಮ ಜಿಲ್ಲೆಯ ಓದುಗರಿಗೆ ಬರೆಯುವುದು ನನಗೆ ಸುಲಭವಲ್ಲ. ನನ್ನ ಶಾಲೆಯ ಶುಲ್ಕ ಅಂಗಳದಲ್ಲಿ ಒಣಗಿದ ಅಡಿಕೆಯಿಂದ ಬಂತು, ನಿಮ್ಮಲ್ಲಿ ಎಷ್ಟೋ ಮಂದಿಗೆ ಇಂದಿಗೂ ಬರುವುದು ಅದರಿಂದಲೇ. ಬೆಳೆಯುವವನ ಕಷ್ಟ ನನಗೆ ಗೊತ್ತು. ಹಾಗೆಂದು ಜಗಿಯುವವನಿಗೆ ಸುಳ್ಳು ಹೇಳಲಾರೆ.

ಅಡಿಕೆ, ಸುಣ್ಣ, ಹೊಗೆಸೊಪ್ಪು ಐವತ್ತು ವರ್ಷ ಒಂದೇ ಜಾಗವನ್ನು ಉಜ್ಜುತ್ತ, ಸುಡುತ್ತ, ಗಾಯ ಮಾಡುತ್ತ ಬಂದಾಗ ಅಲ್ಲಿನ ಕೋಶಗಳ ಡಿಎನ್‌ಎಗೆ ಪೆಟ್ಟು ಬೀಳುತ್ತದೆ. ಆ ಪೆಟ್ಟು ಮೈಕ್ರೋ ಆರ್‌ಎನ್‌ಎಗಳಿಗೆ ಹಲವು ದಾರಿಗಳಲ್ಲಿ ತಗಲುತ್ತದೆ. ಕೆಲವು ಕಡೆ ಅವುಗಳ ಜೀನಿರುವ ತುಂಡೇ ಹರಿದುಹೋಗುತ್ತದೆ. ಕೆಲವು ಕಡೆ ಜೀನು ಇದ್ದಲ್ಲೇ ಇದ್ದು, ಅದರ ಬಾಯಿಗೆ ಮಿಥೈಲ್ ಎಂಬ ರಾಸಾಯನಿಕ ಗುಂಪುಗಳು ಮೆತ್ತಿಕೊಂಡು ಮೌನವಾಗುತ್ತದೆ. ಇನ್ನು ಕೆಲವು ಕಡೆ ಅದನ್ನು ಎಬ್ಬಿಸುವವನೇ ಇಲ್ಲವಾಗುತ್ತಾನೆ: ಡಿಎನ್‌ಎ ಕೆಟ್ಟಾಗ ಕೋಶವನ್ನು ನಿಲ್ಲಿಸುವ ಪಿ53 ಎಂಬ ಪ್ರೋಟೀನು ಮಿರ್-34 ಎಂಬ ವಾಲ್ವನ್ನು ತಿರುಗಿಸಿ ಕೆಲಸ ಮಾಡಿಸುತ್ತದೆ, ಬಾಯಿಯ ಕ್ಯಾನ್ಸರಿನಲ್ಲಿ ಪಿ53 ಹಾಳಾಗುವುದು ಬಹಳ ಸಾಮಾನ್ಯ, ಅದರೊಂದಿಗೆ ಮಿರ್-34 ಸಹ ಸುಮ್ಮನಾಗುತ್ತದೆ. ಮಾಯದ ಗಾಯದ ಉರಿಯೂತ ಮಿರ್-21ನ್ನು ಏರಿಸುತ್ತದೆ. ಹೀಗೆ ಹತ್ತಾರು ವಾಲ್ವುಗಳು ಒಂದೊಂದಾಗಿ ಸಡಿಲವಾಗಿ, ಬಿಗಿಯಾಗಿ, ವರ್ಷಗಳ ನಂತರ ಒಂದು ದಿನ ಹುಣ್ಣು ಕಾಣಿಸುತ್ತದೆ. ಮೈಕ್ರೋ ಆರ್‌ಎನ್‌ಎ ಕ್ಯಾನ್ಸರಿನ ಮೂಲ ಕಾರಣವೇ ಎಂದು ಕೇಳಿದರೆ, ನಿಮ್ಮ ತಂದೆಯವರ ವಿಷಯದಲ್ಲಿ ಮೂಲ ಇದ್ದದ್ದು ಎಲೆಯಡಿಕೆಯ ತಟ್ಟೆಯಲ್ಲಿ. ಆ ಕಾರಣ ಕೋಶದೊಳಗೆ ಇಳಿದು ಕೆಲಸ ಮಾಡಿದ ದಾರಿಗಳಲ್ಲಿ ಒಂದು ಮೈಕ್ರೋ ಆರ್‌ಎನ್‌ಎ.

ಆನುವಂಶಿಕತೆಯ ಭಯವನ್ನು ಬಿಟ್ಟುಬಿಡಿ. ಈ ಏರುಪೇರುಗಳು ಆದದ್ದು ಅವರ ಕೆನ್ನೆಯ ಕೋಶಗಳಲ್ಲಿ, ಅದೂ ನೀವಿಬ್ಬರೂ ಹುಟ್ಟಿದ ಎಷ್ಟೋ ಕಾಲದ ನಂತರ. ಅವು ನಿಮಗೆ ಬರುವ ದಾರಿಯಿಲ್ಲ. ಮೈಕ್ರೋ ಆರ್‌ಎನ್‌ಎ ಸಂಬಂಧದ ಆನುವಂಶಿಕ ಕ್ಯಾನ್ಸರ್ ಇಲ್ಲವೇ ಇಲ್ಲ ಎಂದಲ್ಲ. ಮೇಲೆ ಹೇಳಿದ ಡೈಸರ್ ಕಿಣ್ವದ ಜೀನೇ ಹುಟ್ಟಿನಿಂದ ಕೆಟ್ಟಿರುವ ಕುಟುಂಬಗಳಿವೆ. ಅಲ್ಲಿ ಚಿಕ್ಕ ಮಕ್ಕಳಲ್ಲಿ ಶ್ವಾಸಕೋಶದ ಅಪರೂಪದ ಗಡ್ಡೆ, ಥೈರಾಯ್ಡ್ ಗಂಟುಗಳು ಕಾಣುತ್ತವೆ. 68 ವರ್ಷದವರ ಕೆನ್ನೆಯ ಕ್ಯಾನ್ಸರಿಗೂ ಅದಕ್ಕೂ ಸಂಬಂಧವಿಲ್ಲ. ತಂದೆಯವರಿಂದ ನಿಮ್ಮ ತಮ್ಮನಿಗೆ ಬಂದಿರುವ ಅಪಾಯ ಅಭ್ಯಾಸದ್ದು.

ಅಮ್ಮನವರ ಪ್ರಶ್ನೆಗೆ ಉತ್ತರಿಸುವಾಗ ನಾನು ಮಾತು ತೂಗಿ ಆಡಬೇಕು. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು, ಆ ಹಳ್ಳಿಗಳ ಮಕ್ಕಳ ಸ್ಥಿತಿಯನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಆ ನೋವಿನ ಮೇಲೆ ಯಾರೂ ಮಣ್ಣು ಮುಚ್ಚುವಂತಿಲ್ಲ. ಆದರೆ ಒಬ್ಬ ರೋಗಿಯ ಗಡ್ಡೆ ಯಾವ ವಿಷದಿಂದ ಹುಟ್ಟಿತು ಎಂದು ಹೇಳಬಲ್ಲ ಮೈಕ್ರೋ ಆರ್‌ಎನ್‌ಎ ಅಳತೆ ಇಂದು ಯಾರ ಬಳಿಯೂ ಇಲ್ಲ. ಹಾಗೆ ಹೇಳಿಕೊಂಡು ಯಾರಾದರೂ ಬಂದರೆ ನಂಬಬೇಡಿ. ನಿಮ್ಮ ತಂದೆಯವರಲ್ಲಿ ಹೊಗೆಸೊಪ್ಪು, ಅಡಿಕೆ ಎರಡೂ ಐವತ್ತು ವರ್ಷ ಇದ್ದವು; ಅವರ ಕಾಯಿಲೆಗೆ ಬೇರೆ ಕಾರಣ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ಪರೀಕ್ಷೆ. ಇದರ ಹಿಂದೆ ಒಳ್ಳೆಯ ಆಸೆಯೇ ಇದೆ. ಆರ್‌ಎನ್‌ಎ ಸಾಮಾನ್ಯವಾಗಿ ರಕ್ತದಲ್ಲಿ ಉಳಿಯುವುದಿಲ್ಲ, ಕ್ಷಣದಲ್ಲಿ ಚೂರಾಗುತ್ತದೆ. ಮೈಕ್ರೋ ಆರ್‌ಎನ್‌ಎ ಮಾತ್ರ ಪ್ರೋಟೀನಿನ ಮಡಿಲಲ್ಲಿಯೋ ಕೊಬ್ಬಿನ ಸಣ್ಣ ಗುಳ್ಳೆಯೊಳಗೋ ಇದ್ದುಕೊಂಡು ಗಟ್ಟಿಯಾಗಿ ಉಳಿಯುತ್ತದೆ ಎಂದು 2008ರಲ್ಲಿ ತಿಳಿದಾಗ, ಪ್ರಾಸ್ಟೇಟ್ ಕ್ಯಾನ್ಸರ್ ಇರುವವರ ರಕ್ತದಲ್ಲಿ ಮಿರ್-141 ಏರಿರುವುದೂ ಜೊತೆಗೆ ಕಂಡುಬಂತು. ಒಂದು ಚಮಚ ರಕ್ತದಲ್ಲಿ ಕ್ಯಾನ್ಸರ್ ಓದಬಹುದು ಎಂದು ನಮಗೆಲ್ಲ ಅನಿಸಿದ ಕಾಲ ಅದು. ಆಮೇಲೆ ನೂರಾರು ಪ್ರಬಂಧಗಳು ಬಂದವು. ಒಂದು ತಂಡದ ಪಟ್ಟಿ ಇನ್ನೊಂದು ತಂಡದ ಪಟ್ಟಿಗೆ ತಾಳೆಯಾಗಲಿಲ್ಲ.

ಏಕೆ ಎಂಬುದನ್ನು ನಾನು ನನ್ನ ಮೇಜಿನ ಮೇಲೆಯೇ ಕಲಿತೆ. ರಕ್ತದ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದಾಗ ಕೆಂಪು ಕಣಗಳು ತಳಕ್ಕೆ ಇಳಿದು, ಮೇಲೆ ಪ್ಲಾಸ್ಮಾ ನಿಲ್ಲುತ್ತದೆ. ಅದು ಒಣಹುಲ್ಲಿನ ತಿಳಿ ಹಳದಿ ಬಣ್ಣದಲ್ಲಿರಬೇಕು. ಸೂಜಿ ತೀರಾ ಸಣ್ಣದಾಗಿದ್ದರೆ, ಸಿರಿಂಜನ್ನು ರಭಸದಿಂದ ಎಳೆದಿದ್ದರೆ, ಟ್ಯೂಬು ದಾರಿಯಲ್ಲಿ ಕುಲುಕಿದ್ದರೆ ಕೆಲವು ಕೆಂಪು ಕಣಗಳು ಒಡೆದು ಪ್ಲಾಸ್ಮಾ ತುಸು ಗುಲಾಬಿಯಾಗುತ್ತದೆ. ಕೆಂಪು ಕಣಗಳ ತುಂಬ ಮಿರ್-451 ಇದೆ, ಮೇಲೆ ಹೇಳಿದ ಮಿರ್-16 ಇದೆ. ಹೊಸಬನಾಗಿದ್ದಾಗ ಎರಡು ತಿಂಗಳು ಅಳೆದು, ರೋಗಿಗಳ ರಕ್ತದಲ್ಲಿ ಮಿರ್-451 ಬಹಳ ಏರಿದೆ ಎಂದು ಸಂಭ್ರಮಿಸಿ ಗುರುಗಳಿಗೆ ತೋರಿಸಿದೆ. ಅವರು ಲೆಕ್ಕ ನೋಡಲಿಲ್ಲ, ಫ್ರೀಜರಿನಿಂದ ಟ್ಯೂಬುಗಳನ್ನು ತರಿಸಿ ಬಿಳಿ ಕಾಗದದ ಮುಂದೆ ಹಿಡಿದರು. ರೋಗಿಗಳ ಟ್ಯೂಬುಗಳು ಸಾಲಾಗಿ ಗುಲಾಬಿ, ಆರೋಗ್ಯವಂತರವು ಹಳದಿ. ಚಿಕಿತ್ಸೆಯಿಂದ ಬಳಲಿದ ರಕ್ತನಾಳಗಳಿಂದ ರಕ್ತ ತೆಗೆಯುವುದು ಕಷ್ಟವಾಗಿತ್ತು, ಅಷ್ಟೇ. ನಾನು ಅಳೆದದ್ದು ಸೂಜಿಯ ಒತ್ತಡವನ್ನು. ಈಗ ಯೋಚಿಸಿ, ಬದಿಯಡ್ಕದಲ್ಲಿ ತೆಗೆದ ರಕ್ತ ಬಸ್ಸಿನಲ್ಲಿ ಮಂಗಳೂರು ಸೇರಿ, ಅಲ್ಲಿಂದ ಇನ್ನೆಲ್ಲಿಗೋ ಹೋಗಿ ಅಳತೆಯಾಗುವಾಗ ಏನೇನು ಆಗಿರುತ್ತದೆ.

ಅಳತೆ ಸರಿಯಾಗಿದ್ದರೂ ಅರ್ಥ ಕಷ್ಟ. ಮಿರ್-21 ಗಾಯದಲ್ಲಿ ಏರುತ್ತದೆ, ಉರಿಯೂತದಲ್ಲಿ ಏರುತ್ತದೆ, ಹೃದಯದ ಕಾಯಿಲೆಯಲ್ಲಿ ಏರುತ್ತದೆ. ಏರಿದೆ ಎಂದು ವರದಿ ಬಂದರೆ ದೇಹದ ಯಾವ ಮೂಲೆಯಲ್ಲಿ ಹುಡುಕಬೇಕು? ಏರಿಲ್ಲ ಎಂದು ಬಂದರೆ ನಿಮ್ಮ ತಮ್ಮ ಧೈರ್ಯವಾಗಿ ಜಗಿಯುತ್ತ ಇರುತ್ತಾರೆ, ನನಗೆ ಹೆಚ್ಚು ಭಯ ಅದರದ್ದೇ. ಒಂದು ಮಾತು ನ್ಯಾಯಕ್ಕಾಗಿ ಹೇಳಬೇಕು: ವೃಷಣದ ಕೆಲವು ಕ್ಯಾನ್ಸರುಗಳಲ್ಲಿ ಮಿರ್-371 ಎಂಬುದರ ರಕ್ತಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತಿದೆ, ಏಕೆಂದರೆ ಆರೋಗ್ಯವಂತ ವಯಸ್ಕರ ರಕ್ತದಲ್ಲಿ ಅದು ಇಲ್ಲವೆಂಬಷ್ಟು ಕಡಿಮೆ. ಬಾಯಿಯ ಕ್ಯಾನ್ಸರಿಗೆ ಜೊಲ್ಲಿನಲ್ಲಿ ಮಿರ್-31, ಮಿರ್-21 ಅಳೆಯುವ ಪ್ರಯತ್ನಗಳೂ ನಡೆದಿವೆ; ಅವು ಇನ್ನೂ ಸಂಶೋಧನೆಯ ಹಂತದವು. ಹಣ ತೆಗೆದುಕೊಂಡು ಮನೆಬಾಗಿಲಿಗೆ ತರುವ ಹೊತ್ತು ಬಂದಿಲ್ಲ. ಪ್ರತಿನಿಧಿ ಮತ್ತೆ ಬಂದರೆ ಯಾವ ಮೈಕ್ರೋ ಆರ್‌ಎನ್‌ಎ ಅಳೆಯುತ್ತೀರಿ, ನಮ್ಮಂಥ ಎಷ್ಟು ಮಂದಿಯಲ್ಲಿ ಪರೀಕ್ಷಿಸಿ ನೋಡಿದ್ದೀರಿ, ವರದಿ ಕೆಟ್ಟದಾಗಿ ಬಂದರೆ ಮುಂದೆ ಯಾವ ವೈದ್ಯರು ಏನು ಮಾಡಬೇಕು ಎಂದು ಕೇಳಿ.

ಮೈಕ್ರೋ ಆರ್‌ಎನ್‌ಎಯನ್ನೇ ಔಷಧಿಯಾಗಿ ಕೊಡಬಹುದೇ ಎಂಬ ಪ್ರಶ್ನೆ ನಿಮ್ಮ ಮನಸ್ಸಿಗೂ ಬಂದಿರಬಹುದು. ಕೊಟ್ಟು ನೋಡಿದ್ದಾರೆ. ಮಿರ್-34ರ ಪ್ರತಿಯನ್ನು ಕೊಬ್ಬಿನ ಗುಳ್ಳೆಯಲ್ಲಿಟ್ಟು ರಕ್ತನಾಳದ ಮೂಲಕ ಕೊಡುವ ಪ್ರಯೋಗ 2013ರಲ್ಲಿ ಆರಂಭವಾಯಿತು. ಕೆಲವರ ಗಡ್ಡೆ ಕುಗ್ಗಿತು. ಆದರೆ ರೋಗನಿರೋಧಕ ವ್ಯವಸ್ಥೆ ಕೆರಳಿ ನಾಲ್ವರು ತೀರಿಕೊಂಡರು, 2016ರಲ್ಲಿ ಪ್ರಯೋಗ ನಿಂತಿತು. ಬೇಕಾದ ಸಾಲಿಗೆ ಮಾತ್ರ ತಲಪಿಸುವುದು, ಬೇಡದ ಕಡೆ ಸೇರದಂತೆ ನೋಡಿಕೊಳ್ಳುವುದು ಇನ್ನೂ ಕೈಗೂಡಿಲ್ಲ. ಕೆಲಸ ನಡೆಯುತ್ತಿದೆ, ಕ್ಯಾನ್ಸರಿಗೆಂದು ಅನುಮತಿ ಪಡೆದ ಮೈಕ್ರೋ ಆರ್‌ಎನ್‌ಎ ಔಷಧಿ ಸದ್ಯ ಇಲ್ಲ.

ಹಾಗಾದರೆ ಏನು ಮಾಡಬೇಕು? ನಮ್ಮ ಕೇರಳ ರಾಜ್ಯದಲ್ಲಿಯೇ ಇದಕ್ಕೆ ಉತ್ತರ ಸಿಕ್ಕಿದೆ. ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳಲ್ಲಿ 1996ರಲ್ಲಿ ಒಂದು ದೊಡ್ಡ ಅಧ್ಯಯನ ಆರಂಭವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಅವುಗಳಲ್ಲಿ ಕೆಲವು ಪಂಚಾಯತುಗಳ ಮನೆಮನೆಗೆ ಹೋಗಿ, ಜನರ ಬಾಯಿ ತೆರೆಸಿ, ಬೆಳಕು ಹಿಡಿದು ನೋಡಿದರು, ಸಂಶಯ ಬಂದವರನ್ನು ವೈದ್ಯರ ಬಳಿಗೆ ಕಳುಹಿಸಿದರು. 2005ರಲ್ಲಿ ಫಲಿತಾಂಶ ಪ್ರಕಟವಾದಾಗ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಉಳಿದ ಪಂಚಾಯತುಗಳಿಗಿಂತ 34 ಶೇಕಡಾ ಕಡಿಮೆಯಾಗಿತ್ತು. ಉಪಕರಣ ಎಂದರೆ ಒಂದು ಟಾರ್ಚು, ನೋಡಲು ಕಲಿತ ಎರಡು ಕಣ್ಣು.

ದಂತವೈದ್ಯರಲ್ಲಿಗೆ ಹೋಗುವ ಮೊದಲು ನೀವೇ ಒಮ್ಮೆ ನೋಡಿ. ಮೊಬೈಲಿನ ಬೆಳಕಿನಲ್ಲಿ ತಮ್ಮನ ಕೆನ್ನೆಯನ್ನು ಬೆರಳಿನಿಂದ ಎಳೆದು, ಕೆನ್ನೆಗೂ ವಸಡಿಗೂ ನಡುವಿನ ಸಂದಿ, ನಾಲಿಗೆಯ ಎರಡು ಅಂಚು, ನಾಲಿಗೆಯ ಅಡಿ ನೋಡಿ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂತಹ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಬೆರಳಿಗೆ ಗಟ್ಟಿಯಾಗಿ ತಾಗುವ ಜಾಗ ಇದ್ದರೆ ತಕ್ಷಣ ಹೇಳಿ. ತಮ್ಮ ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂಭಾಗದ ಹಲ್ಲುಗಳ ನಡುವೆ ತೂರಿಸಲಿ. ತೂರದಿದ್ದರೆ, ಸಾರಿನ ಖಾರಕ್ಕೆ ಬಾಯಿ ಉರಿಯುತ್ತದೆ ಎಂದು ಊಟದಲ್ಲಿ ಸಪ್ಪೆ ಕೇಳಲು ಆರಂಭಿಸಿದ್ದರೆ, ಅಡಿಕೆಯಿಂದ ಬಾಯಿಯ ಒಳಪದರ ನಾರುಗಟ್ಟುತ್ತಿದೆ ಎಂಬ ಸಂಶಯ ಪಡಬೇಕು. ಅದು ಕ್ಯಾನ್ಸರಿಗೆ ಮೊದಲಿನ ಹಂತಗಳಲ್ಲಿ ಒಂದು. ಅಲ್ಲಿ ನಿಲ್ಲಿಸಿದರೆ ಮುಂದಿನದು ತಪ್ಪುವ ಅವಕಾಶ ದೊಡ್ಡದು. ಹೊಗೆಸೊಪ್ಪು ಬಿಟ್ಟು ಬರೀ ಎಲೆ ಅಡಿಕೆ ತಿನ್ನುತ್ತೇನೆ ಎಂಬ ರಾಜಿಗೆ ಒಪ್ಪಬೇಡಿ.

ತಂದೆಯವರ ಬಾಯಿಯನ್ನು ಇನ್ನೂ ಹೆಚ್ಚು ಗಮನಿಸಬೇಕು. ಐವತ್ತು ವರ್ಷದ ಪೆಟ್ಟು ಎಡಗೆನ್ನೆಗೆ ಮಾತ್ರ ಬಿದ್ದಿರುವುದಿಲ್ಲ, ಇನ್ನೊಂದು ಜಾಗದಲ್ಲಿ ಹೊಸದಾಗಿ ಬರಬಹುದು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರೋ ಮಂಗಳೂರಿನ ಆಸ್ಪತ್ರೆಯೋ, ಚಿಕಿತ್ಸೆ ಎಲ್ಲಿ ಆಯಿತೋ ಅಲ್ಲಿಯವರು ಕೊಟ್ಟ ದಿನಾಂಕಗಳನ್ನು ಒಂದನ್ನೂ ತಪ್ಪಿಸಬೇಡಿ. ಮಳೆ ಎಂದೋ ಕೊಯ್ಲಿನ ಹೊತ್ತು ಎಂದೋ ಮುಂದೂಡಬೇಡಿ.

ಇನ್ನೊಂದು ಕೆಲಸವಿದೆ, ಅದಕ್ಕೆ ಖರ್ಚಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಂಡನ್ನು ಆಸ್ಪತ್ರೆಯವರು ಮೇಣದಲ್ಲಿ ಅಚ್ಚು ಹಾಕಿ ಇಟ್ಟಿರುತ್ತಾರೆ, ಬ್ಲಾಕ್ ಎನ್ನುತ್ತಾರೆ. ಉದ್ದನೆಯ ಆರ್‌ಎನ್‌ಎಗಳು ಆ ಮೇಣದಲ್ಲಿ ವರ್ಷಗಳು ಕಳೆದಂತೆ ಚೂರಾಗುತ್ತವೆ, ಮೈಕ್ರೋ ಆರ್‌ಎನ್‌ಎಗಳು ಸಣ್ಣವಾದ್ದರಿಂದ ಚೆನ್ನಾಗಿ ಉಳಿದಿರುತ್ತವೆ. ಯಾವ ಅಂಗಾಂಶ ಎಂಬ ಸಂಶಯವೂ ಅಲ್ಲಿ ಇಲ್ಲ. ಮುಂದೆ ಎಂದಾದರೂ ಚಿಕಿತ್ಸೆ ಆರಿಸಲು ಆ ಅಳತೆ ಬೇಕಾದರೆ ಅದು ಸಿಗುವುದು ಆ ಬ್ಲಾಕಿನಲ್ಲಿ. ಬಯಾಪ್ಸಿ ವರದಿಯ ಮೇಲ್ಭಾಗದಲ್ಲಿ ಅದರ ಸಂಖ್ಯೆ ಬರೆದಿರುತ್ತಾರೆ. ವರದಿಯ ಪ್ರತಿಯನ್ನು ತಂದೆಯವರ ಉಳಿದ ಕಾಗದಗಳ ಜೊತೆ ಇಟ್ಟು, ಆ ಸಂಖ್ಯೆಯನ್ನು ನಿಮ್ಮ ಡೈರಿಯಲ್ಲಿಯೂ ಬರೆದುಕೊಳ್ಳಿ.